ಗುತ್ತೆವ್ವ ನೋಡಲೊಲ್ಲದ ಆಟ

ಶಿಗ್ಗಾಂವಿಯ ಒಂದು ಕಾಲೇಜು ಮೈದಾನದ ಕಾಂಪೌಂಡಿಗೆ ಹತ್ತಿ ಗುತ್ತೆವ್ವನ ಮಿರ್ಚಿ, ಗಿರಮಿಟ್ಟಿನ ಗಾಡಿ ನಿಲ್ಲುತ್ತಿತ್ತು. ಸಂಜೆ ಹುಡುಗರು ಕಬಡ್ಡಿಗೆ ಇಳಿದರೆ ಗಿರಾಕಿಗಳು ಕಾಯಲೇಬೇಕು. ಬಾಣಲೆಯಲ್ಲಿ ಮಿರ್ಚಿ ಕರ್ರಗಾದರೂ ರೈಡು ಮುಗಿಯುವ ತನಕ ಅವಳ ಕಣ್ಣು ಅಂಕಣ ಬಿಟ್ಟು ಕದಲುತ್ತಿರಲಿಲ್ಲ. ಪಂದ್ಯ ಹಾನಗಲ್ಲಿನಲ್ಲಿರಲಿ, ಹಿರೇಕೆರೂರಿನಲ್ಲಿರಲಿ, ಗಂಡನ ಗೂಡ್ಸ್ ಆಟೋದ ಹಿಂದೆ ಹುಡುಗರ ನಡುವೆ ತಾನೂ ಕುಳಿತು ಹೋಗುತ್ತಿದ್ದಳು. ಮಕ್ಕಳಿಲ್ಲದ್ದಕ್ಕೆ ಈ ಹುಚ್ಚು ಎಂದು ಯಾರಾದರೂ ಅಂದರೆ ಅವಳಿಗೆ ಕೆಟ್ಟ ಸಿಟ್ಟು. ಹೈಸ್ಕೂಲಿನಲ್ಲಿ ಸ್ವತಃ ಆಡಿದವಳು ಅವಳು, ಮದುವೆಯಾದ ಮೇಲೆ ಬಿಟ್ಟವಳು.

ಗಂಡ ಮಂಜಪ್ಪನಿಗೂ ಕಬಡ್ಡಿಯೆಂದರೆ ಪ್ರಾಣ. ಆದರೆ ಅವನದು ಟಿ.ವಿ.ಯ ಪ್ರೊ ಕಬಡ್ಡಿ. ಗಂಡಹೆಂಡಿರ ಜಗಳ ಶುರುವಾಗುತ್ತಿದ್ದದ್ದೇ ಅಲ್ಲಿಂದ.

"ಮ್ಯಾಟಿನ ಮ್ಯಾಲೆ ಹೆಂಗ ಹಾರ್ತಾರ ನೋಡು," ಎನ್ನುತ್ತಿದ್ದ ಮಂಜಪ್ಪ. "ಒಂದ ಹಿಡಿತ ನಾಕೂ ಕಡಿಂದ ತೋರಸ್ತಾರ. ನಿನ್ನ ಕಾಲೇಜ್ ಹುಡುಗ್ರು ಧೂಳಾಗ ಹೊಳ್ಳಾಡ್ತಾವು, ಅಷ್ಟ."

"ಹಾರ್ಲಿ ಬಿಡು. ಆ ಹಾರಾಂವ ಈ ವರ್ಷ ಒಂದ ಊರಿನ ತಂಡದಾಗ, ಮುಂದಿನ ವರ್ಷ ಇನ್ನೊಂದರಾಗ. ಅಂವ ಸೋತ್ರ ನಾ ಯಾಕ ಅಳ್ಲಿ? ನಮ್ಮ ದುರ್ಗೇಶ ಸೋತ್ರ ಮರುದಿನ ನನ್ನ ಗಾಡಿ ಮುಂದ ಮಾರಿ ಬಾಡಿಸ್ಕೊಂಡು ನಿಂತಿರ್ತಾನ."

"ಮಾರಿ ನೋಡಾಕ ಆಟ ನೋಡ್ತಾರೇನ?"

"ಮತ್ತ್ಯಾಕ ನೋಡ್ತಾರ?"

ದುರ್ಗೇಶ ಹುಲಗೂರಿನವನು, ಬಿ.ಎ. ಕೊನೆಯ ವರ್ಷ, ಕಾಲೇಜು ತಂಡದ ನಾಯಕ. ಅವನಷ್ಟು ಚುರುಕಾದ ರೈಡರ್ ಸುತ್ತಲಿನ ನಾಲ್ಕು ತಾಲೂಕಿನಲ್ಲೇ ಇರಲಿಲ್ಲ. ಆದರೆ ಅಷ್ಟರಲ್ಲಿ ಮೈದಾನಕ್ಕೆ ಬರುವ ಮಂದಿ ಕರಗಿದ್ದರು. ಬಂದವರಿಗೂ ಟಿ.ವಿ.ಯ ಆಟವೇ ಬೇಕಿತ್ತು. ಮುಟ್ಟಿ ತಿರುಗಿ ಬಂದರೆ ಚಪ್ಪಾಳೆ ಇಲ್ಲ. ಅಡ್ಡ ನಿಂತವರ ತಲೆಯ ಮೇಲಿಂದ ಜಿಗಿದರೆ ಮಾತ್ರ ಸಿಳ್ಳೆ. ದುರ್ಗೇಶ ಮೊಬೈಲಿನಲ್ಲಿ ನೋಡಿ ನೋಡಿ ಆ ಜಿಗಿತ ಕಲಿತ. ಕೋಚ್ ಬೈದರು: "ಅದು ಮ್ಯಾಟಿನ ಮ್ಯಾಲಿನ ಆಟ. ಗಟ್ಟಿ ನೆಲದಾಗ ಹಾರಿದ್ರ ಎಲುಬು ಉಳಿಯೂದಿಲ್ಲ." ದುರ್ಗೇಶ ಆಯ್ತೆಂದು ತಲೆಯಾಡಿಸಿದ.

ಆ ವರ್ಷದ ಪಂದ್ಯಾವಳಿಯ ಫೈನಲ್ ಹಾನಗಲ್ಲಿನಲ್ಲಿ, ಸವಣೂರಿನ ಹುಡುಗರ ಮೇಲೆ. ಪ್ರೊ ಕಬಡ್ಡಿ ಲೀಗಿಗೆ ಆಟಗಾರರನ್ನು ಆರಿಸುವವರು ಬರುತ್ತಾರೆಂದು ಸುದ್ದಿ ಹಬ್ಬಿತ್ತು. ಬಹಳ ದಿನದ ಮೇಲೆ ಮೈದಾನ ತುಂಬಿತು. ಬಿಸಿಲಿಗೆ ನೆಲ ಕಲ್ಲಾಗಿತ್ತು. ಎರಡೂ ಕಡೆ ಅಂಕ ಸಮ ಇದ್ದಾಗ ಕೊನೆಯ ರೈಡಿಗೆ ದುರ್ಗೇಶ ಹೋದ. ಸವಣೂರಿನ ಆಸೀಮ, ಎಲೆದೋಟದವರ ಮಗ, ಜೊತೆಗಾರನ ಕೈ ಹಿಡಿದು ಬಗ್ಗಿ ದುರ್ಗೇಶನ ದಾರಿಗೆ ಅಡ್ಡ ನಿಂತ.

"ಹಾರು! ಹಾರು!" ಎಂದು ಇಡೀ ಮೈದಾನ ಕೂಗಿತು. ಆಟೋದ ಮೇಲೆ ನಿಂತ ಮಂಜಪ್ಪ ಕೂಗಿದ. ಯಾವಾಗ ಬಾಯಿ ತೆರೆದಳೋ ಗುತ್ತೆವ್ವನಿಗೇ ತಿಳಿಯಲಿಲ್ಲ. "ಹಾರೋ ದುರ್ಗ್ಯಾ!"

ದುರ್ಗೇಶ ಜಿಗಿದ. ಕಾಲು ಆಸೀಮನ ಹೆಗಲಿಗೆ ತಾಗಿ ತಲೆ ಕೆಳಗಾಗಿ ಬಿದ್ದ. ಒಳ್ಳೆಯ ಹಿಡಿತವೆಂದು ತಿಳಿದ ಜನ ಸಿಳ್ಳೆ ಹಾಕಿದರು. ಗುತ್ತೆವ್ವ ಓಡಿಹೋಗಿ ಬಗ್ಗಿದಳು. ಅವನ ಕಣ್ಣು ತೆರೆದೇ ಇತ್ತು.

"ಕಾಕೂ, ನನ್ನ ಕಾಲು ಎಲ್ಲಿ ಅದಾವು?" ಎಂದು ಕೇಳಿದ.

ಕೈಗೊಬ್ಬರು ಕಾಲಿಗೊಬ್ಬರು ಹಿಡಿದೆತ್ತಿ ಅವನನ್ನು ಮಂಜಪ್ಪನ ಆಟೋಕ್ಕೆ ಹಾಕಿದರು. ಆಟಗಾರ ಬಿದ್ದರೆ ಕುತ್ತಿಗೆಗೆ ಪಟ್ಟಿ ಕಟ್ಟಿ, ಹಲಗೆಯ ಮೇಲೆ ಅಲುಗದಂತೆ ಮಲಗಿಸಿ ಒಯ್ಯುವುದನ್ನು ಮಂಜಪ್ಪ ಟಿ.ವಿ.ಯಲ್ಲಿ ಎಷ್ಟೋ ಸಲ ನೋಡಿದ್ದ. ಆ ಹೊತ್ತಿನಲ್ಲಿ ಅದು ಅವನಿಗೆ ನೆನಪಾಗಲಿಲ್ಲ. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಡಾಕ್ಟರು "ಹೆಂಗ ಎತ್ತಿಕೊಂಡು ಬಂದ್ರಿ?" ಎಂದು ಕೇಳಿದಾಗ ನೆನಪಾಯಿತು. ಆ ದಿನದಿಂದ ಅವನು ಮನೆಯ ಟಿ.ವಿ. ಹಚ್ಚಲಿಲ್ಲ.

ದುರ್ಗೇಶನಿಗೆ ಕುತ್ತಿಗೆಯ ಕೆಳಗೆ ಅರಿವು ಮರಳಲಿಲ್ಲ. ಹುಲಗೂರಿನ ಮನೆಯಲ್ಲಿ ಅವನ ಅವ್ವ ಒಬ್ಬಳಿಂದ ಅವನನ್ನು ಹೊರಳಿಸಲು ಆಗುತ್ತಿರಲಿಲ್ಲ. ಆಸೀಮ ಬೆಳಿಗ್ಗೆ ತೋಟದ ಕೆಲಸ ಮುಗಿಸಿ ಬೈಕಿನಲ್ಲಿ ಬಂದು ಮೈ ಒರೆಸಿ, ಮಗ್ಗುಲು ಬದಲಿಸಿ ಹೋಗುತ್ತಿದ್ದ. ಮೊದಲ ದಿನ ಅವನನ್ನು ಒಳಗೆ ಬಿಡದಿದ್ದ ತಾಯಿ ಆಮೇಲೆ ಅವನ ದಾರಿ ಕಾಯತೊಡಗಿದಳು. ಲೀಗಿನವರು ಯಾರೂ ಆ ದಿನ ಬಂದೇ ಇರಲಿಲ್ಲವೆಂದು ನಂತರ ತಿಳಿಯಿತು.

ಗುತ್ತೆವ್ವ ಗಾಡಿಯನ್ನು ಬಸ್ ನಿಲ್ದಾಣದ ಹತ್ತಿರ ಒಯ್ದಳು. ಬಿಡುವಾದಾಗ ಹುಲಗೂರಿಗೆ ಹೋಗಿ ದುರ್ಗೇಶನ ತಲೆದೆಸೆಯಲ್ಲಿ ಕೂರುತ್ತಿದ್ದಳು. ಒಂದು ದಿನ ಅವನು ನಗುತ್ತಾ ಅಂದ:

"ಕಾಕೂ, ಅವತ್ತು ಅಷ್ಟು ಮಂದಿಯೊಳಗ ನಿನ್ನ ದನಿ ಕೇಳಸ್ತ ನೋಡು. ಕಾಕೂ ಕೂಗಾಕತ್ತಾಳ ಅಂದ್ರ ಇವತ್ತು ಗೆದ್ವಿ ಅನ್ಕೊಂಡೆ."

ಅವನು ಸಂತೋಷಕ್ಕೇ ಹೇಳಿದ್ದ. ಗುತ್ತೆವ್ವ ಹೊರಗೆ ಬಂದು ಸೆರಗನ್ನು ಬಾಯಿಗೆ ತುರುಕಿಕೊಂಡಳು.

ಮಳೆಗಾಲದಲ್ಲಿ, ಮಲಗಿದಲ್ಲೇ ಮಲಗಿ ಬೆನ್ನಿಗೆ ಆಗಿದ್ದ ಹುಣ್ಣು ಕೀವಾಗಿ ಜ್ವರ ಏರಿತು. ಶ್ರಾವಣ ಹತ್ತುವ ಮೊದಲೇ ದುರ್ಗೇಶ ತೀರಿಕೊಂಡ. ಎರಡೂ ತಂಡದ ಹುಡುಗರು ಹೆಗಲು ಕೊಟ್ಟರು. ಕೊನೆಯವರೆಗೂ ಆಸೀಮ ಹೆಗಲು ಬದಲಿಸಲಿಲ್ಲ.

ಮರುವರ್ಷ ಆಸೀಮ ಲೀಗಿನ ಒಂದು ತಂಡಕ್ಕೆ ಆಯ್ಕೆಯಾದ. ಹೇಳಲು ಗುತ್ತೆವ್ವನ ಮನೆಗೆ ಬಂದವನು ಹೊಸ್ತಿಲಲ್ಲೇ ನಿಂತ.

"ಹೋಗ್ಲೇನ್ ಕಾಕೂ? ನೀ ಬ್ಯಾಡ ಅಂದ್ರ ಹೋಗೂದಿಲ್ಲ."

"ಬ್ಯಾಡ ಅನ್ನಾಕ ನಾ ಯಾರಪಾ? ಹೋಗು, ಚಲೋ ಆಡು. ಆದ್ರ ನಾ ನೋಡೂದಿಲ್ಲ. ನನಗ ಆಗೂದಿಲ್ಲ."

ಅವನ ಮೊದಲ ಪಂದ್ಯದ ಸಂಜೆ ಮಂಜಪ್ಪ ಧೂಳು ಒರೆಸಿ ಟಿ.ವಿ. ಹಚ್ಚಿದ. ಗುತ್ತೆವ್ವ ಹಿತ್ತಲಿಗೆ ಹೋಗಿ ಬಾಣಲೆ ತಿಕ್ಕುತ್ತ ಕುಳಿತಳು. ಒಳಗೆ ಟಿ.ವಿ.ಯಲ್ಲಿ ಒಮ್ಮೆಲೇ ಜನ ಹೋ ಎಂದರು. ಆಸೀಮ ಎದುರಿನವನ ಕಾಲು ಹಿಡಿದು ಕೆಡವಿದ್ದ. ಬೂದಿ ಹತ್ತಿದ ಕೈಯಲ್ಲೇ ಅವಳು ಬಾಗಿಲಿಗೆ ಬಂದಳು, ಟಿ.ವಿ.ಯ ಕಡೆ ತಿರುಗಲಿಲ್ಲ.

"ಬಿದ್ದಾಂವ ಎದ್ನೇನು?" ಎಂದು ಗಂಡನನ್ನು ಕೇಳಿದಳು.

"ಎದ್ದ," ಎಂದ ಮಂಜಪ್ಪ.

ಅವಳು ಹಿತ್ತಲಿಗೆ ಹೊರಳಿದಳು.