ನಲವತ್ತಮೂರನೇ ಹಿಪ್ಪುನೇರಳೆ

ಮೈಸೂರಿನಲ್ಲಿದ್ದಾಗ ನಾಗವೇಣಿ ರೇಷ್ಮೆ ಸಂಶೋಧನಾ ಕೇಂದ್ರದಲ್ಲಿ ಹದಿನಾಲ್ಕು ವರ್ಷ ಹಿಪ್ಪುನೇರಳೆ ತಳಿ ಅಭಿವೃದ್ಧಿಯ ಕೆಲಸ ಮಾಡಿದವಳು. ಹೂವಿಗೆ ಕಾಗದದ ಚೀಲ ಕಟ್ಟುವುದು, ಪರಾಗ ಹಚ್ಚುವುದು, ಸೊಪ್ಪು ಕಿತ್ತು ತೂಗುವುದು ಎಲ್ಲ ಅವಳದೇ. ಹೊರಬಂದ ತಳಿಗಳ ಮೇಲಿನ ಹೆಸರು ಮಾತ್ರ ಸಾಹೇಬರದು. ಎಂಜಿನಿಯರ್ ಗಂಡ ವೇಣುಗೋಪಾಲನಿಗೆ ಪರ್ತ್‌ನಲ್ಲಿ ಕೆಲಸ ಸಿಕ್ಕಾಗ ಅತ್ತೆ ಸರಸ್ವತಮ್ಮನನ್ನೂ ಕರೆದುಕೊಂಡು ಹೊರಟಳು. ಸಾಯುವುದರೊಳಗೆ ತನ್ನದು ಅಂತ ಒಂದಾದರೂ ತಳಿ ಮಾಡಬೇಕೆಂಬ ಹಟವನ್ನು ಯಾವ ಪೆಟ್ಟಿಗೆಯಲ್ಲಿ ತುಂಬಿದ್ದಳೋ, ಅದೂ ಜೊತೆಗೆ ಬಂತು.

ಆಸ್ಟ್ರೇಲಿಯಾದಲ್ಲಿ ರೇಷ್ಮೆ ಯಾರಿಗೆ ಬೇಕು ಎಂದು ನಗಬೇಡಿ. ಅಲ್ಲಿ ಶಾಲೆಯ ಮಕ್ಕಳು ಶೂ ಡಬ್ಬಿಯಲ್ಲಿ ಹುಳು ಸಾಕಿ, ಸೊಪ್ಪಿಗಾಗಿ ಬೀದಿ ಬೀದಿ ಅಲೆಯುತ್ತಾರೆ. ಪರ್ತ್‌ನ ತಮ್ಮ ಬಡಾವಣೆ ವಿಲೆಟನ್‌ನ ಎರಡು ಹಳೆಯ ಹಿಪ್ಪುನೇರಳೆ ಮರಗಳ ತಳಿ ಕೂಡಿಸಿ ನಾಗವೇಣಿ ಅರವತ್ತೆರಡು ಸಸಿ ಎಬ್ಬಿಸಿದಳು. ಹಿತ್ತಲೆಂದರೆ ಬರೀ ಮರಳು. ಎಲ್ಲಕ್ಕೂ ಒಂದೇ ಅಳತೆಯ ನೀರು, ವಾರಕ್ಕೆರಡು ಸಲ. ಮೂರನೇ ವರ್ಷ ಉಳಿದವೆಲ್ಲ ಮುದುಡಿ ನಿಂತಿದ್ದರೆ, ನಲವತ್ತಮೂರನೆಯದರ ಎಲೆ ಅಂಗೈಗಿಂತ ಅಗಲ, ತೂಕ ಎರಡರಷ್ಟು. ಮೈಸೂರಿನಲ್ಲಾಗಿದ್ದರೆ ಪ್ರತಿಯೊಂದರ ಕಡ್ಡಿಯನ್ನೂ ನಾಲ್ಕಾರು ಕಡೆ ನೆಟ್ಟು ನೋಡುತ್ತಿದ್ದಳು. ಇಲ್ಲಿ ಗಂಡನಿಗೆ ಆಗಲೇ ಬ್ರಿಸ್ಬೇನ್‌ಗೆ ವರ್ಗವಾಗಿ, ಮನೆ ಖಾಲಿ ಮಾಡಬೇಕಿತ್ತು. ಅರವತ್ತೊಂದನ್ನೂ ತನ್ನ ಕೈಯಾರೆ ಕಿತ್ತು, ಬೇರಿನ ಮಣ್ಣು ಕೊಡವಿ, ಹಸಿರು ಕಸದ ತೊಟ್ಟಿಗೆ ತುಂಬಿದಳು. ಕಲಿತ ವಿದ್ಯೆಯೆಲ್ಲ ಆ ಹೊತ್ತಿಗೆ ಎಲ್ಲಿ ಹೋಗಿತ್ತೋ!

ಗಿಡವನ್ನು ರಾಜ್ಯದಿಂದ ರಾಜ್ಯಕ್ಕೆ ಒಯ್ಯಲು ಬೇಕಾದ ಕಾಗದಪತ್ರ ಮಾಡಿಸಿ ತಂದ ನಲವತ್ತಮೂರರ ಕಡ್ಡಿಗಳು ಬ್ರಿಸ್ಬೇನ್‌ನ ಟೂವಾಂಗ್‌ನಲ್ಲಿ ಬಾಡಿಗೆ ಮನೆಯ ಕುಂಡಗಳಲ್ಲಿ ಸೊಂಪಾಗಿ ಬಂದವು. ಆ ಮಳೆಗೆ, ಆ ಸೆಕೆಗೆ ಅಲ್ಲಿ ಏನು ನೆಟ್ಟರೂ ಸೊಂಪಾಗಿಯೇ ಬರುತ್ತದೆ. ನಾಗವೇಣಿ ಅದನ್ನು ಗಿಡದ ಗುಣವೆಂದೇ ನಂಬಿದಳು.

ಮತ್ತೆ ವರ್ಗವಾಗಿ ಅಡಿಲೇಡ್‌ಗೆ ಬಂದ ಮೇಲೆ, ಅಲ್ಲಿನ ಮಾಸನ್ ಲೇಕ್ಸ್‌ನ ಹಿತ್ತಲಿನಲ್ಲಿ ಕೊನೆಗೂ ಸರಿಯಾದ ಪರೀಕ್ಷೆ. ನಲವತ್ತಮೂರರ ಹತ್ತು ಕಡ್ಡಿ, ಪಕ್ಕದ ಮನೆಯ ಸಾದಾ ಮರದ ಹತ್ತು, ಒಂದು ಬಿಟ್ಟು ಒಂದು. ಎರಡನೇ ಬೇಸಿಗೆಯಲ್ಲಿ ಸೊಪ್ಪು ಕಿತ್ತು ಮೂರು ಸಲ ತೂಗಿದಳು. ತಕ್ಕಡಿಗೆ ಅವಳ ಮೇಲೇನು ದ್ವೇಷ? ಮೂರು ಸಲವೂ ಒಂದೇ ಮಾತು ಹೇಳಿತು.

ಹಿತ್ತಲ ಮೆಟ್ಟಿಲ ಮೇಲೆ ಕುಸಿದು ಕೂತವಳ ಹತ್ತಿರ ಸರಸ್ವತಮ್ಮ ಬಂದರು.

"ಯಾಕೇ, ಹೀಗೆ ಕೂತ್ಬಿಟ್ಟೆ?"

"ಸಾದಾ ಮರಕ್ಕಿಂತ ಒಂದು ಗ್ರಾಮೂ ಜಾಸ್ತಿ ಇಲ್ಲ ಅತ್ತೆ. ಪರ್ತ್‌ನಲ್ಲಿ ಹೇಗಿತ್ತು ನಮ್ಮ ನಲವತ್ತಮೂರು!"

"ಅಲ್ಲಿ ನಾನು ನೋಡ್ಕೋತಿದ್ದೆ. ಅಕ್ಕಿ ತೊಳೆದ ನೀರು, ಬೇಳೆ ತೊಳೆದ ನೀರು, ಮಜ್ಜಿಗೆ ಪಾತ್ರೆ ತೊಳೆದಿದ್ದು, ಒಂದು ತೊಟ್ಟೂ ಸಿಂಕಿಗೆ ಬಿಡ್ದೆ ಅದರ ಬುಡಕ್ಕೇ ಹುಯ್ತಿದ್ದೆ. ಅಡುಗೆಮನೆ ಬಾಗಿಲಲ್ಲೇ ಇತ್ತಲ್ಲ."

"ದಿನಾನಾ?"

"ಮೂರು ವರ್ಷ, ಒಂದಿನ ತಪ್ಪಿಸಿಲ್ಲ. ನಿನ್ನ ಗಿಡ ಚೆನ್ನಾಗಿ ಬರ್ಲಿ ಅಂತ."

"ಮಿಕ್ಕಿದ್ದಕ್ಕೆ?"

"ಅಷ್ಟು ದೂರ ಬಕೆಟ್ ಎತ್ಕೊಂಡು ಹೋಗೋಕೆ ನನ್ನ ಮಂಡಿ ಕೇಳ್ಬೇಕಲ್ಲಮ್ಮ."

ಬೈಯುವುದು ಯಾರನ್ನು? ಅಕ್ಕಿ ತೊಳೆದ ನೀರನ್ನು ಗಿಡಕ್ಕೆ ಹಾಕಬೇಕೆಂಬುದು ಮೈಸೂರಿನ ಯಾವ ಹೆಂಗಸಿಗೆ ಗೊತ್ತಿಲ್ಲ? ಗೊತ್ತಿದ್ದೂ ಕೇಳದೇ ಹೋದವಳು ತಾನು. ಒಣ ಮರಳಿನಲ್ಲಿ ಯಾರ ಹಂಗೂ ಇಲ್ಲದೆ ನಿಂತಿದ್ದ ಆ ಅರವತ್ತೊಂದರಲ್ಲಿ ಒಂದು ನಿಜವಾಗಿಯೂ ಅವಳದಾಗಿತ್ತೇನೋ. ಯಾವುದೆಂದು ಇನ್ನು ಯಾರೂ ಹೇಳಲಾರರು. ಮೊದಲಿನಿಂದ ಶುರುಮಾಡಿದರೆ ಮತ್ತೆ ಹತ್ತು ಹನ್ನೆರಡು ವರ್ಷ ಬೇಕು; ಅವಳಿಗೆ ಈಗಲೇ ಐವತ್ತೇಳು. ಸೆರಗಿಲ್ಲದ ಅಂಗಿಯ ತೋಳಿನಲ್ಲೇ ಕಣ್ಣೊರೆಸಿಕೊಂಡಳು. ಎಷ್ಟು ಒರೆಸಿದರೂ ನಿಲ್ಲಲಿಲ್ಲ.

ಸರಸ್ವತಮ್ಮನಿಗೆ ಗಾಬರಿಯಾಯಿತು. "ಅಳಬೇಡ್ವೇ. ಇವತ್ತಿನ ನೀರು ಹಾಗೇ ಇಟ್ಟಿದ್ದೀನಿ. ಇದಕ್ಕೂ ಹುಯ್ಯಲಾ?"

ಪರೀಕ್ಷೆಯ ಗಿಡಕ್ಕೆ ಅಳತೆ ಮೀರಿ ಒಂದು ಲೋಟ ನೀರು ಬೀಳದಂತೆ ಎರಡು ವರ್ಷ ಕಾದಿದ್ದ ನಾಗವೇಣಿ ತಲೆ ಎತ್ತಲಿಲ್ಲ.

"ಹುಯ್ಯಿರಿ ಅತ್ತೆ," ಎಂದಳು.