ಸಿಂಗಟಗೆರೆ ತೋಟದ ಹಸಿರು

ಅಜ್ಜಂಪುರದ ಬಸ್ ನಿಲ್ದಾಣದ ಎದುರು ಜಯದೇವಪ್ಪನ ಫೋಟೋ ಸ್ಟುಡಿಯೋ, ಪಕ್ಕದಲ್ಲಿ ನನ್ನ ಸೈಕಲ್ ಅಂಗಡಿ. ಎಪ್ಪತ್ತರ ದಶಕದಲ್ಲಿ ಫೋಟೋ ಎಂದರೆ ಕಪ್ಪು ಬಿಳುಪು. ಅದಕ್ಕೆ ಇವನು ಕುಂಚದಲ್ಲಿ ಬಣ್ಣ ಹಾಕುತ್ತಿದ್ದ. ಹಾಕುವುದೇನು, ಸುರಿಯುತ್ತಿದ್ದ! ಬುಕ್ಕಾಂಬುಧಿ ಕೆರೆಯ ಕೆಂಪು ನೀರು ಇವನ ಕೈಯಲ್ಲಿ ಕಡುನೀಲಿಯಾಗುತ್ತಿತ್ತು. ಇವನ ಹಸಿರು ಗಿಳಿಗೂ ಇರಲಿಲ್ಲ. "ಜನ ಕೇಳೋದೇ ಇದನ್ನ ಕಣೋ," ಎನ್ನುತ್ತಿದ್ದ. ಅದೂ ಸುಳ್ಳಲ್ಲ.

ಎಪ್ಪತ್ತಾರರಲ್ಲಿ ತರೀಕೆರೆ ಕಡೆಯಿಂದ ಸಂಬಂಧ ಬಂತು. ಹುಡುಗಿ ಪ್ರೇಮಮ್ಮನನ್ನು ನೋಡಿ ಬಂದವನಿಗೆ ಊಟ ಸೇರದು. ಹೆಣ್ಣಿನ ಕಡೆಯವರು ಮನೆ, ಹೊಲ ನೋಡಲು ಬರುವ ಮುಂಚೆಯೇ ಸಿಂಗಟಗೆರೆಯ ತನ್ನ ತೆಂಗಿನ ತೋಟದ ಫೋಟೋ ತೆಗೆದು, ಹಸಿರು ಬಳಿದು ಕಳಿಸಿಬಿಟ್ಟ.

ಹುಡುಗಿಯ ತಂದೆ ತೀರ್ಥಪ್ಪ ಏಪ್ರಿಲ್ ಬಿಸಿಲಲ್ಲಿ ಬಂದರು. ಫೋಟೋ ಕೈಯಲ್ಲಿ ಹಿಡಿದೇ ತೋಟಕ್ಕೆ ನಡೆದರು. ಕೆಳಗೆ ಬೂದಿ ಬಣ್ಣದ ನೆಲ, ಮೇಲೆ ಧೂಳು ಹಿಡಿದ ಗರಿ.

"ಯಾವೂರ ತೋಟಾರೀ ಇದು? ತೋಟದ ಬಗ್ಗೇನೇ ಇಷ್ಟು ಸುಳ್ಳು ಹೇಳೋನು ನನ್ ಮಗಳಿಗೆ ಇನ್ನೆಷ್ಟು ಹೇಳ್ತಾನೆ?" ಎಂದು ನೀರೂ ಕುಡಿಯದೆ ಹೊರಟುಹೋದರು.

ಜಯದೇವಪ್ಪ ಕಂಗಾಲಾದ. "ಎಲ್ಲಾರ್ ಫೋಟೋಗೂ ಹಿಂಗೇ ತಾನೇ ಹಾಕೋದು? ಸುಳ್ಳು ಹೆಂಗಾಯ್ತೋ?"

"ಮಂಕು ಮುಂಡೇದೇ, ಹೋಗಿ ನಿಜ ತೋರ್ಸು ನಡಿ!" ಎಂದು ಬೈದು ಬಸ್ಸು ಹತ್ತಿಸಿದೆ. ನಂಬಿಕೆ ಸಾಲದೆ ನಾನೂ ಹತ್ತಿದೆ.

ತೀರ್ಥಪ್ಪನವರ ಪಡಸಾಲೆಯಲ್ಲಿ ಕುಳಿತು ಜಯದೇವಪ್ಪ ಅದೇ ಫೋಟೋ ಕೇಳಿ ಪಡೆದ. ಟರ್ಪೆಂಟೈನಿನಲ್ಲಿ ಅದ್ದಿದ ಹತ್ತಿಯಿಂದ ಒರೆಸತೊಡಗಿದ. ಹಸಿರೆಲ್ಲ ಹತ್ತಿಗೆ ಬಂತು.

"ಇಷ್ಟೇ ಕಣ್ರೀ ನಮ್ ತೋಟ," ಎಂದ.

ಒಳಬಾಗಿಲಲ್ಲಿ ನಿಂತಿದ್ದ ಪ್ರೇಮಮ್ಮ ಬಂದು ನೋಡಿ, ತಂದೆಯ ಕಡೆ ತಿರುಗಿ, "ಇದೇ ಇರ್ಲಿ ಬಿಡಪ್ಪಾ," ಎಂದಳು. ಮದುವೆಯಾಯಿತು.

ಅಂದಿನಿಂದ ಅವನು ಗಿಡ, ಮರ, ಕೆರೆಗೆ ಬಣ್ಣ ಹಾಕುವುದನ್ನೇ ಬಿಟ್ಟ. ಗಿರಾಕಿಗಳು ಗೊಣಗಿದರು, ಕೆಲವರು ಕಡೂರಿನ ಸ್ಟುಡಿಯೋ ಹಿಡಿದರು. ಇವನು ಜಗ್ಗಲಿಲ್ಲ.

ಎಂಬತ್ತಮೂರರಲ್ಲಿ ಕಲರ್ ರೀಲು ತಂದ. ಮೊದಲ ಫೋಟೋ ಆ ತೋಟದ್ದೇ. ಎಲ್ಲ ಇದ್ದ ಹಾಗೇ ಬಂದಿತ್ತು, ಧೂಳಿನ ಸಮೇತ. ಆಗ ತೀರ್ಥಪ್ಪ ಹಾಸಿಗೆ ಹಿಡಿದಿದ್ದರು. ಅಪ್ಪನಿಗೆ ಕಳಿಸಲೆಂದು ಪ್ರೇಮಮ್ಮ ಫೋಟೋ ಎತ್ತಿಕೊಂಡಳು, ತುಂಬ ಹೊತ್ತು ನೋಡಿದಳು.

"ಇದಕ್ಕೆ ಒಂಚೂರು ಹಸಿರು ಹಾಕ್ರೀ."

"ಅವರು ತೋಟಾನ ಕಣ್ಣಾರೆ ನೋಡವ್ರೆ ಕಣೇ!"

"ನೋಡವ್ರೆ, ಅದಕ್ಕೇ. ಮಗಳು ಕಾಲಿಟ್ಮೇಲೆ ತೋಟ ಹಸಿರಾಯ್ತು ಅಂತ ತಿಳ್ಕೊಳ್ಲಿ."

ಜಯದೇವಪ್ಪ ಹಳೇ ಕುಂಚ ಹುಡುಕಲು ಎದ್ದ.