ಸತ್ತ ಹಸುವಿನ ಕಾವಲು

ದೆಹಲಿಯ ಪಶು ಆಸ್ಪತ್ರೆಯೊಂದರಲ್ಲಿ ಮೂವತ್ತೊಂದು ವರ್ಷ ಕಾಂಪೌಂಡರ್ ಆಗಿದ್ದ ಕೆಂಪಣ್ಣನವರು ನಿವೃತ್ತರಾದ ಮರುವರ್ಷ, ೨೦೦೬ರಲ್ಲಿ, ಇಥಿಯೋಪಿಯಾಕ್ಕೆ ಹೊರಟರು. ಅಲ್ಲಿನ ರೈತರಿಗೆ ದನಗಳ ಆರೈಕೆ ಕಲಿಸಲು ಒಂದು ಸ್ವಯಂಸೇವಾ ಸಂಸ್ಥೆ ಅನುಭವಸ್ಥರನ್ನು ಹುಡುಕುತ್ತಿತ್ತು. ಹೊಟ್ಟೆಯೊಳಗೆ ಅಡ್ಡ ತಿರುಗಿದ ಕರುವನ್ನು ಸರಿಪಡಿಸಿ ಹೊರತೆಗೆಯುವುದರಲ್ಲಿ ಕೆಂಪಣ್ಣನವರ ಕೈ ಡಾಕ್ಟರುಗಳ ಕೈಗಿಂತ ಪಳಗಿತ್ತು.

"ಈ ವಯಸ್ಸಲ್ಲಿ ಆಫ್ರಿಕಾ ಯಾಕ್ರೀ?" ಎಂದು ಹೆಂಡತಿ ವೈಜಯಂತಿ ಕೇಳಿದರು.

"ಬಾಲ್ಕನೀಲಿ ಕೂತು ಪೇಪರ್ ಓದೋದಕ್ಕಾ ಈ ಕೈ ಇರೋದು?"

ಮೊದಮೊದಲು ಪ್ರತಿ ಭಾನುವಾರ ಫೋನ್ ಬರುತ್ತಿತ್ತು. ಅಸ್ತೇರ್ ಎಂಬ ರೈತ ಹೆಂಗಸು ಹಸುವಿನ ಕೆಚ್ಚಲು ಬಾವಿನ ರೋಗಕ್ಕೆ ಆರೈಕೆ ಮಾಡಲು ಕಲಿತಳಂತೆ. ಅವಳ ಪುಟ್ಟ ಮಗಳು ಕನ್ನಡದಲ್ಲಿ ಹತ್ತರವರೆಗೆ ಎಣಿಸುತ್ತಾಳಂತೆ. ಇದನ್ನೆಲ್ಲ ಹೇಳುವಾಗ ಕೆಂಪಣ್ಣನವರ ದನಿಗೆ ಇಪ್ಪತ್ತು ವರ್ಷ ಕಡಿಮೆಯಾಗಿರುತ್ತಿತ್ತು.

ವರ್ಷಕ್ಕೆಂದು ಹೋದವರು ಏಳೇ ತಿಂಗಳಿಗೆ ದೆಹಲಿಯ ಮುನಿರ್ಕಾದ ಮನೆಗೆ ಮರಳಿದರು. ಕಾರಣ ಹೇಳಲಿಲ್ಲ. ಕೇಳಿದರೆ ಎದ್ದು ಹೋಗುತ್ತಿದ್ದರು.

ಮೇ ತಿಂಗಳ ಒಂದು ಬೆಳಿಗ್ಗೆ ಹಾಲು ತರಲು ಹೋದವರು ಹಿಂತಿರುಗಲಿಲ್ಲ. ಮಧ್ಯಾಹ್ನ ಮಗಳು ಧಾರಿಣಿ ಹುಡುಕಿಕೊಂಡು ಹೋದಳು. ಕಸದ ತೊಟ್ಟಿಯ ಪಕ್ಕ ಬೀದಿ ಹಸುವೊಂದು ಹೊಟ್ಟೆಯುಬ್ಬಿ ಸತ್ತು ಬಿದ್ದಿತ್ತು. ಕೆಂಪಣ್ಣನವರು ಕೋಲು ಹಿಡಿದು, ಹತ್ತಿರ ಬಂದ ನಾಯಿಗಳನ್ನೂ ಜನರನ್ನೂ ಅಟ್ಟುತ್ತ ಬಿಸಿಲಲ್ಲಿ ನಿಂತಿದ್ದರು.

"ಪಾಪಾ, ಚಲೋ, ಮನೆಗೆ ಹೋಗೋಣ. ಪ್ಲಾಸ್ಟಿಕ್ ತಿಂದು ಸತ್ತಿದೆ ಅಂತ ತರಕಾರಿ ಭಯ್ಯಾ ಹೇಳ್ತಿದಾರೆ."

"ನನಗೂ ಗೊತ್ತು. ಆದ್ರೂ ನಗರಪಾಲಿಕೆ ಲಾರಿ ಬರೋವರೆಗೆ ನಾನು ಹೋಗಲ್ಲ."

ಧಾರಿಣಿ ತನ್ನ ದುಪಟ್ಟಾವನ್ನು ಅವರ ತಲೆಗೆ ಹೊದಿಸಿ ಪಕ್ಕದಲ್ಲೇ ನಿಂತಳು. ಹತ್ತಿರ ಬಂದ ನಾಯಿಯೊಂದನ್ನು ಅಟ್ಟಿ ಅವರು ಮಾತಾಡಿದರು.

"ಅಸ್ತೇರ್ ಹಸು ಹಿಂಗೇ ಬಿದ್ದಿತ್ತು. ಮೂಗಲ್ಲಿ ಕಪ್ಪು ರಕ್ತ. ನೆರಡಿ ರೋಗ, ಆಂಥ್ರಾಕ್ಸ್, ಮನುಷ್ಯರಿಗೂ ತಗಲುತ್ತೆ. ಲಸಿಕೆ ಕಳಿಸಿ ಅಂತ ಸಂಸ್ಥೆಗೆ ಮೂರು ಸಲ ಬರೆದಿದ್ದೆ, ಬಂದಿರಲಿಲ್ಲ. ಚರ್ಮ ಸುಲೀಬೇಡ, ಮಾಂಸ ಮುಟ್ಟಬೇಡ, ಆಳವಾಗಿ ಹೂಳಿಬಿಡು ಅಂದೆ."

"ಅವಳಿಗೆ ನಿಮ್ಮ ಮಾತು ಸಮಝ್ ಆಗಲಿಲ್ವಾ?"

"ಆಗಿತ್ತಮ್ಮ. ದುಭಾಷಿ ಎರಡೆರಡು ಸಲ ಹೇಳಿದ. ಹೂಂ ಅಂತ ತಲೆಯಾಡಿಸಿದಳು. ಗುಂಡಿ ತೋಡೋವರೆಗೂ ನಾನು ಅಲ್ಲೇ ನಿಲ್ಲಬೇಕಿತ್ತು. ಪಕ್ಕದೂರಲ್ಲಿ ಹಸು ಈಯೋಕೆ ಕಷ್ಟಪಡ್ತಿದೆ ಅಂದ್ರು, ಓಡಿದೆ. ಆ ಕರುವೇನೋ ಉಳೀತು. ಅಲ್ಲಿ... ಅಸ್ತೇರ್ ಮನೇಲಿ ಮೂರು ದಿನದಿಂದ ಒಲೆ ಹಚ್ಚಿರಲಿಲ್ಲವಂತೆ. ಹಸಿದ ಮಗಳ ಕಣ್ಣೆದುರು ಅಷ್ಟು ಮಾಂಸ ಹೇಗೆ ಹೂಳ್ತಾಳೆ? ಬೇಯಿಸಿ ಬಡಿಸಿದಳು. ಐದನೇ ದಿನ ಮಗು ಹೋಯ್ತು."

ಧಾರಿಣಿ ಅಪ್ಪನ ಕೈಯಿಂದ ಕೋಲು ತೆಗೆದುಕೊಂಡು ತಾನು ಹಿಡಿದಳು.

ನಾಲ್ಕು ಗಂಟೆಗೆ ನಗರಪಾಲಿಕೆಯ ಲಾರಿ ಬಂದು ಹಸುವನ್ನು ಎತ್ತಿಕೊಂಡು ಹೋಯಿತು. ಮನೆಯಲ್ಲಿ ವೈಜಯಂತಿ ಸ್ನಾನಕ್ಕೆ ನೀರು ಕಾಯಿಸಿಕೊಟ್ಟರು. ಬಚ್ಚಲಿನಿಂದ ಕೆಂಪಣ್ಣನವರು ಅಳುವ ಸದ್ದು ಬಹಳ ಹೊತ್ತು ಕೇಳಿಸಿತು.

ಮಳೆಗಾಲದಲ್ಲಿ ಸಂಸ್ಥೆ ಮತ್ತೆ ಬರುವಂತೆ ಕಾಗದ ಬರೆಯಿತು. "ಮೊದಲು ಲಸಿಕೆ ಕಳಿಸಿ, ಅದರ ಹಿಂದೆಯೇ ನಾನೂ ಬರುತ್ತೇನೆ" ಎಂದು ಕೆಂಪಣ್ಣನವರು ಉತ್ತರಿಸಿದರು. ವೈಜಯಂತಿ ಗಂಡನ ಬಟ್ಟೆಗಳನ್ನು ಒಗೆದು ಮಡಚಿ ಸೂಟ್‌ಕೇಸಿಗೆ ತುಂಬಿಟ್ಟರು. ಎರಡು ಚಳಿಗಾಲ ಕಳೆದರೂ ಸಂಸ್ಥೆಯಿಂದ ಉತ್ತರ ಬರಲಿಲ್ಲ.